ಪಿತ್ತಕೋಶದ ಕಲ್ಲಿಗೆ ಪಿತ್ತದ ಮದ್ದು ಹಿಡಿಯುತ್ತದೆಯೇ?

ಪ್ರಶ್ನೆ: ಅಮ್ಮನಿಗೆ ಹೊಟ್ಟೆ ಸ್ಕ್ಯಾನ್ ಮಾಡಿಸಿದೆವು, ಪಿತ್ತಕೋಶದಲ್ಲಿ ಕಲ್ಲಿದೆ ಅಂದರು. ಮನೆಯವರೆಲ್ಲ "ಪಿತ್ತ ತಾನೇ, ಜೀರಿಗೆ ಕಷಾಯ, ಬಾಳೆದಿಂಡಿನ ರಸ ಕೊಡಿ" ಅಂತಾರೆ. ಕಲ್ಲು ಹೋಗುತ್ತಾ? (ಚಿಂತಾಮಣಿಯ ಓದುಗರು)

ಉತ್ತರ: ಹೋಗುವುದಿಲ್ಲ. ದಾರಿ ತಪ್ಪಿಸುತ್ತಿರುವುದು 'ಪಿತ್ತ' ಎಂಬ ಆ ಎರಡಕ್ಷರ.

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹುಳಿತೇಗು, ವಾಕರಿಕೆ, ತಲೆಸುತ್ತು ಏನೇ ಬಂದರೂ 'ಪಿತ್ತ ಆಗಿದೆ' ಅನ್ನುತ್ತೇವೆ. ಹುಳಿತೇಗು ಜಠರದ ಆಮ್ಲದ್ದು. ಮೈಮೇಲೆ ಕೆಂಪಗೆ ಎದ್ದು ತುರಿಸುವ ಪಿತ್ತಗಂಧೆ ಚರ್ಮದಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಬಿಡುಗಡೆಯಾಗಿ ಬರುವಂಥದ್ದು. ಸೆಟ್ರಿಜಿನ್ ಥರದ ಮಾತ್ರೆಗೆ ಸಾಮಾನ್ಯವಾಗಿ ಇಳಿಯುತ್ತದೆ. ಎರಡೂ ಪಿತ್ತಕೋಶದ ಕಾಯಿಲೆಯಲ್ಲ.

ಕೋಳಿ ಶುಚಿ ಮಾಡುವಾಗ ಲಿವರ್‌ಗೆ ಅಂಟಿದ ಹಸಿರು ಚೀಲ ಒಡೆದರೆ ಸಾರೆಲ್ಲ ಕಹಿಯಾಗುತ್ತದಲ್ಲ, ಅದೇ ಪಿತ್ತಕೋಶ. ಒಳಗಿರುವುದು ಪಿತ್ತರಸ. ಅದನ್ನು ತಯಾರಿಸುವುದು ಲಿವರ್. ಅದಕ್ಕೇ ಲಿವರ್‌ಗೆ ಪಿತ್ತಜನಕಾಂಗ ಎಂಬ ಹೆಸರು. ಮನುಷ್ಯರ ಲಿವರ್ ದಿನಕ್ಕೆ ಅರ್ಧದಿಂದ ಒಂದು ಲೀಟರ್ ಪಿತ್ತರಸ ಮಾಡುತ್ತದೆ. ಚೀಲದಲ್ಲಿ ಹಿಡಿಯುವುದು 30ರಿಂದ 50 ಮಿ.ಲೀ. ಮಾತ್ರ, ಅದೂ ಗಟ್ಟಿಯಾಗಿ. ಆ ಗಟ್ಟಿ ರಸದಲ್ಲಿ ಕೊಲೆಸ್ಟರಾಲ್ ಹೆಚ್ಚಾದರೆ ಹರಳುಗಟ್ಟಿ ಕಲ್ಲಾಗುತ್ತದೆ. ಜಿಡ್ಡಿನ ಊಟ ಬಿದ್ದಾಗ ಚೀಲ ಹಿಂಡಿಕೊಳ್ಳುತ್ತದೆ. ಕಲ್ಲು ಚೀಲದ ಬಾಯಿಗೆ ಅಡ್ಡ ಬಂದರೆ ನೋವು ಶುರು. ಬಾಡೂಟ ಮುಗಿಸಿದ ರಾತ್ರಿ ಬಲಪಕ್ಕೆಲುಬಿನ ಕೆಳಗೆ ಹಿಡಿದು, ಬಲಭುಜದ ಹಿಂದಕ್ಕೆ ಹರಿದು, ಅರ್ಧ ಗಂಟೆಯಿಂದ ಕೆಲವು ಗಂಟೆ ಕಾಡುವುದು ಇದೇ.

ಬಾಳೆದಿಂಡಿನ ಮಾತು ಬಂದಿದ್ದು ಕಿಡ್ನಿ ಕಲ್ಲಿನಿಂದ. ಕುಡಿದ ನೀರು ಕಿಡ್ನಿಯಲ್ಲಿ ಸೋಸಿ ಮೂತ್ರವಾಗುವುದರಿಂದ ಅಲ್ಲಿನ ಸಣ್ಣ ಕಲ್ಲು ಜೊತೆಗೆ ಕೊಚ್ಚಿಹೋಗಬಹುದು. ಪಿತ್ತಕೋಶ ಆ ದಾರಿಯಲ್ಲೇ ಇಲ್ಲ. ಎಷ್ಟು ಲೀಟರ್ ಕುಡಿದರೂ ಅದನ್ನು ತೊಳೆಯಲಾಗದು.

ನೋವೇ ಕೊಡದ ಕಲ್ಲಿಗೆ ಸಾಮಾನ್ಯವಾಗಿ ಆಪರೇಷನ್ ಬೇಕಿಲ್ಲ. ನೋವು ಮರುಕಳಿಸುತ್ತಿದ್ದರೆ ಲ್ಯಾಪರೋಸ್ಕೋಪಿಯಲ್ಲಿ (ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ನಡೆಸುವ ಆಪರೇಷನ್) ಚೀಲವನ್ನೇ ತೆಗೆಯುತ್ತಾರೆ, ಬರೀ ಕಲ್ಲು ತೆಗೆದರೆ ಮತ್ತೆ ಕಟ್ಟಿಕೊಳ್ಳುತ್ತದೆ. 'ಪಿತ್ತ ತೆಗೆದುಬಿಟ್ಟರೆ ಅರಗುವುದು ಹೇಗೆ' ಎಂಬ ಭಯ ಬೇಡ. ಲಿವರ್ ರಸ ಮಾಡುತ್ತಲೇ ಇರುತ್ತದೆ, ಅದು ನೇರ ಕರುಳಿಗೆ ಇಳಿಯುತ್ತದೆ.

ಮತ್ತೆ ಸ್ಕ್ಯಾನ್‌ಗೆ ಕರೆದರೆ 6ರಿಂದ 8 ಗಂಟೆ ಬರಿಹೊಟ್ಟೆಯಲ್ಲಿ ಹೋಗಿ. ಹಾಲಿನ ಕಾಫಿ ಕುಡಿದರೂ ಚೀಲ ಕುಗ್ಗಿ, ಕಲ್ಲು ಸರಿಯಾಗಿ ಕಾಣದೆ ಹೋಗಬಹುದು.

ಒಂದನ್ನು ಮಾತ್ರ ದಯವಿಟ್ಟು ಕಷಾಯದಲ್ಲಿ ಕಳೆಯಬೇಡಿ: ನೋವಿನ ಜೊತೆ ಚಳಿಜ್ವರ ಬಂದರೆ, ಕಣ್ಣು ಹಳದಿಯಾದರೆ ಅಥವಾ ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ಕಲ್ಲು ಪಿತ್ತನಾಳಕ್ಕೆ, ಅಂದರೆ ಪಿತ್ತರಸ ಕರುಳಿಗೆ ಇಳಿಯುವ ಕೊಳವೆಗೆ, ಜಾರಿರಬಹುದು. ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.