ಹೊಗೆಗೆ ಆರು ತಿಂಗಳು, ಬ್ರೇಕಿಗೆ ಹದಿನೈದು ವರ್ಷ: ಕೊಡಗಿನ ಹಳೇ ಸ್ಕೂಟರ್‌ಗಳ ಎಫ್‌ಸಿ ಕಥೆ

ನಮ್ಮ ಮನೆಯಲ್ಲಿ 1994ರ ಒಂದು ಗೇರ್ ಸ್ಕೂಟರ್ ಇದೆ. ಅಪ್ಪ ತೋಟಕ್ಕೆ, ಸಂತೆಗೆ, ನಮ್ಮನ್ನು ಶಾಲೆಗೆ ಬಿಡುವುದಕ್ಕೆ ಓಡಿಸಿದ ಗಾಡಿ. 2019ರಲ್ಲಿ ಅದರ ಆರ್‌ಸಿ (ನೋಂದಣಿ ಪತ್ರ) ನವೀಕರಣಕ್ಕೆ ಮಡಿಕೇರಿಯ ಆರ್‌ಟಿಒ ಕಚೇರಿಗೆ ತೆಗೆದುಕೊಂಡು ಹೋದೆ. ಎಂಜಿನ್ ಒಂದೇ ಕಿಕ್ಕಿಗೆ ಎದ್ದಿತು. ಹಾರ್ನ್, ಲೈಟ್ ಎಲ್ಲ ಸರಿ ಇತ್ತು. ಇನ್‌ಸ್ಪೆಕ್ಟರ್ ಬಗ್ಗಿ ಕಾಲಿಡುವ ಜಾಗದ ರಬ್ಬರ್ ಮ್ಯಾಟ್ ಎತ್ತಿದರು. ತಗಡಿಗೆ ತುಕ್ಕು ತಿಂದು ಅಂಗೈ ಅಗಲ ತೂತು. ಅದರೊಳಗಿಂದ ನೆಲ ಕಾಣುತ್ತಿತ್ತು. ಬ್ರೇಕ್ ಪೆಡಲ್ ಕೂತಿರುವುದು ಅದೇ ತಗಡಿನ ಮೇಲೆ ಅಲ್ವಾ? "ಟಿಂಕರಿಂಗ್ ಮಾಡಿಸಿಕೊಂಡು ಬನ್ನಿ" ಅಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ಆದರೆ ಆ ತೂತು ಒಂದು ದಿನದ್ದಲ್ಲ. ಅದರ ಹಿಂದಿನ ತಪಾಸಣೆ ಆಗಿದ್ದು 2014ರಲ್ಲಿ. ನಡುವೆ ಐದು ಮಳೆಗಾಲ ಕಳೆದಿತ್ತು. ಅಷ್ಟು ದಿನ ಯಾರೂ ಮ್ಯಾಟ್ ಎತ್ತಿ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ.

ಹಳದಿ ಬೋರ್ಡಿನ ಆಟೋ, ಜೀಪು, ಲಾರಿಗಳಿಗೆ ಲೆಕ್ಕ ಬೇರೆ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ, ಅಂದರೆ ಫಿಟ್ನೆಸ್ ಸರ್ಟಿಫಿಕೇಟ್. ಬಿಳಿ ಬೋರ್ಡಿನ ಸ್ಕೂಟರ್‌ಗೆ ಹಾಗಿಲ್ಲ. ಮೊದಲ ಹದಿನೈದು ವರ್ಷ ಯಾವ ತಪಾಸಣೆಯೂ ಇಲ್ಲ. ನಂತರ ಐದು ವರ್ಷಕ್ಕೊಮ್ಮೆ. ಜನ ಇದನ್ನೂ ಎಫ್‌ಸಿ ಅಂತಲೇ ಕರೆಯುತ್ತಾರೆ. ಕಾಗದದ ಮೇಲೆ ಅದು ನೋಂದಣಿ ನವೀಕರಣ.

ಮೊದಲು ಅದೂ ಇರಲಿಲ್ಲ. 1939ರ ಮೋಟಾರು ವಾಹನ ಕಾಯ್ದೆಯ ಕಾಲದಲ್ಲಿ ಸ್ವಂತ ಗಾಡಿಯ ನೋಂದಣಿಗೆ ಗಡುವು ಎಂಬುದೇ ಇರಲಿಲ್ಲ. ಲ್ಯಾಂಬ್ರೆಟಾ, ವೆಸ್ಪಾ ಸ್ಕೂಟರ್‌ಗಳು ನಮ್ಮ ರಸ್ತೆಗೆ ಬಂದಿದ್ದು ಆಗ. 1972ರಲ್ಲಿ ಚೇತಕ್ ಬಂತು. ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. ಅಷ್ಟು ಕಾದು ಪಡೆದ ಗಾಡಿಯನ್ನು ಯಾರು ಬೇಗ ಬಿಡುತ್ತಾರೆ? ಅಪ್ಪನಿಂದ ಮಗನಿಗೆ ಬಂತು. 1988ರ ಹೊಸ ಕಾಯ್ದೆ 1989ರ ಜುಲೈ 1ರಿಂದ ಜಾರಿಯಾಯಿತು. ಆರ್‌ಸಿ ಹದಿನೈದು ವರ್ಷ ಮಾತ್ರ ಅಂತ ಅದು ಹೇಳಿತು. ಕಾಯ್ದೆಗೆ ಮೊದಲು ನೋಂದಣಿಯಾದ ಗಾಡಿಗಳಿಗೂ ಇದೇ ಲೆಕ್ಕ. ಅಂದರೆ 1970ರ ಸ್ಕೂಟರ್ ಇಟ್ಟುಕೊಂಡವರ ಆರ್‌ಸಿ ಅವರಿಗೆ ಗೊತ್ತಾಗುವ ಮೊದಲೇ ಹಳೆಯದಾಗಿತ್ತು.

ಶುಲ್ಕದ ಕಥೆ ನಮ್ಮ ಗಾಡಿಯ ರಸೀದಿಗಳಲ್ಲೇ ಇದೆ. 2009ರಲ್ಲಿ, 2014ರಲ್ಲಿ 60 ರೂಪಾಯಿ. 2019ರಲ್ಲಿ 300. 2022ರ ಏಪ್ರಿಲ್‌ನಿಂದ ದರ ಏರಿತು, ಹಾಗಾಗಿ 2024ರಲ್ಲಿ 1,000. 2025ರ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷ ದಾಟಿದ ದ್ವಿಚಕ್ರಕ್ಕೆ ಅದನ್ನು 2,000 ಮಾಡಿದರು. ಹಳೇ ಗಾಡಿಗಳಿಗೆ ರಾಜ್ಯ ಹಾಕುವ ಹಸಿರು ತೆರಿಗೆ ಬೇರೆ. ತಡವಾದರೆ ನಿಯಮದ ಪ್ರಕಾರ ತಿಂಗಳಿಗೆ 300 ಹೆಚ್ಚುವರಿ. ಮೂರು ವರ್ಷ ಮರೆತರೆ 10,800 ಆಯಿತು. ಇಷ್ಟಕ್ಕೇ ಹೆದರಿ ಎಷ್ಟೋ ಮಂದಿ ಗಾಡಿಯನ್ನು ತೋಟದೊಳಗೆ ಮಾತ್ರ ಓಡಿಸುತ್ತಾರೆ, ಇಲ್ಲವೇ ಗುಜರಿಗೆ ಹಾಕುತ್ತಾರೆ. ಗಡುವಿಗೆ 60 ದಿನ ಮೊದಲೇ ಅರ್ಜಿ ಹಾಕಬಹುದು. ಇದು ಬಹಳ ಜನಕ್ಕೆ ಗೊತ್ತಿಲ್ಲ.

ತಪಾಸಣೆಯಲ್ಲಿ ಮೊದಲು ನೋಡುವುದು ನಂಬರ್. ಎಂಜಿನ್ ಮುಚ್ಚಿರುವ ಪಕ್ಕದ ತಗಡು (ಡಿಕ್ಕಿ) ತೆಗೆದು, ಚಾಸಿ ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜುತ್ತಾರೆ. ಕೊಡಗಿನಲ್ಲಿ ಕಷ್ಟ ಶುರುವಾಗುವುದು ಇಲ್ಲಿಂದಲೇ. ತುಕ್ಕು ಅಂಕಿಗಳನ್ನೂ ತಿಂದಿರುತ್ತದೆ. ಆ ಕಾಲದ ಎಷ್ಟೋ ಗೇರ್ ಸ್ಕೂಟರ್‌ಗಳಿಗೆ ಬೈಕಿನ ಹಾಗೆ ಪೈಪಿನ ಫ್ರೇಮ್ ಇಲ್ಲ. ಚೇತಕ್, ವೆಸ್ಪಾಗಳಲ್ಲಿ ತಗಡಿನ ಮೈಯೇ ಚಾಸಿ. ಹಾಗಾಗಿ ಅಲ್ಲಿ ತುಕ್ಕು ಬಂತು ಅಂದರೆ ಬಣ್ಣ ಹೋಯಿತು ಅಂತ ಸುಮ್ನೆ ಇರುವಂತಿಲ್ಲ, ಗಾಡಿಯ ಬೆನ್ನುಮೂಳೆಯೇ ಸವೆಯುತ್ತಿದೆ ಅಂತ ತಿಳಿಯಬೇಕು. ಕುಶಾಲನಗರದ ಕಡೆ ಮಳೆ ಕಡಿಮೆ, ಅದೇ ವಯಸ್ಸಿನ ಗಾಡಿಯ ತಗಡು ಅಲ್ಲಿ ಇನ್ನೂ ಗಟ್ಟಿ. ಭಾಗಮಂಡಲ, ನಾಪೋಕ್ಲು ಕಡೆಯ ಗಾಡಿಗಳಲ್ಲಿ ಸ್ಟ್ಯಾಂಡ್ ಕೂರುವ ಜಾಗ ಮೊದಲು ಹೋಗುತ್ತದೆ. ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಜೋರು ಮಳೆಯಲ್ಲಿ, ಮ್ಯಾಟಿನ ಕೆಳಗೆ ನಿಂತ ನೀರು ಆರುವುದೇ ಇಲ್ಲ.

ಎರಡನೆಯದು ಬ್ರೇಕ್. ನನಗೆ ಜಾಸ್ತಿ ಭಯ ಇದರದ್ದೇ. ಈ ಗಾಡಿಗಳಿಗೆ ಎರಡೂ ಕಡೆ ಡ್ರಮ್ ಬ್ರೇಕ್, ಎಳೆಯುವುದಕ್ಕೆ ಕೇಬಲ್. ಡ್ರಮ್ಮಿಗೆ ನೀರು ಹೊಕ್ಕರೆ ಹಿಡಿತ ಹೋಗುತ್ತದೆ. ಕೇಬಲ್ ಕವಚದೊಳಗೇ ತುಕ್ಕು ಹಿಡಿದು ಒಂದೊಂದೇ ಎಳೆ ತುಂಡಾಗುತ್ತದೆ, ಹೊರಗೆ ಗೊತ್ತಾಗುವುದಿಲ್ಲ. ಟೂ ಸ್ಟ್ರೋಕ್ ಎಂಜಿನ್‌ಗೆ ಇಳಿಜಾರಿನಲ್ಲಿ ಗಾಡಿಯನ್ನು ತಡೆಯುವ ಶಕ್ತಿಯೂ ಕಡಿಮೆ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ, ವಿರಾಜಪೇಟೆಯಿಂದ ಮಾಕುಟ್ಟಕ್ಕೆ ಇಳಿಯುವಾಗ ಪೂರ್ತಿ ಭಾರ ಡ್ರಮ್ಮಿನೊಳಗಿನ ಬ್ರೇಕ್ ಲೈನರ್ ಮೇಲೆ. ಕಚೇರಿಯ ಸಮತಟ್ಟು ಅಂಗಳದಲ್ಲಿ ಹಿಡಿದ ಬ್ರೇಕ್ ಘಾಟಿಯಲ್ಲೂ ಹಿಡಿಯುತ್ತದೆ ಅಂತ ಹೇಳಲಾಗದು.

ಲೈಟ್ ವಿಷಯ ಬೇಗ ಮುಗಿಯುತ್ತದೆ. ಹಳೇ ಗಾಡಿಗಳಲ್ಲಿ ಬೆಳಕು ಎಂಜಿನ್ ವೇಗದ ಜೊತೆ ಏರಿ ಇಳಿಯುತ್ತದೆ. ಐಡಲಿಂಗ್‌ನಲ್ಲಿ ಮಂಕಾದರೆ ಅದು ಕೆಟ್ಟಿದೆ ಅಂತಲ್ಲ.

ಇನ್ನು ಹೊಗೆ. ಎಮಿಷನ್ ಸರ್ಟಿಫಿಕೇಟ್ ಮಾತ್ರ ಇಂಥ ಗಾಡಿಗಳಿಗೆ ಆರು ತಿಂಗಳಿಗೊಮ್ಮೆ ಬೇಕು. 2000ದ ಮಾರ್ಚ್‌ವರೆಗೆ ತಯಾರಾದ ದ್ವಿಚಕ್ರಕ್ಕೆ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ 4.5, ಆಮೇಲಿನ ಹಳೇ ಗಾಡಿಗಳಿಗೆ ಶೇ 3.5. ಟೂ ಸ್ಟ್ರೋಕ್‌ನಲ್ಲಿ ಆಯಿಲ್ ಪೆಟ್ರೋಲ್ ಜೊತೆಗೇ ಉರಿಯುತ್ತದೆ. ಸ್ವಲ್ಪ ಪೆಟ್ರೋಲ್ ಉರಿಯದೆ ಹಾಗೇ ಹೊರಗೆ ಹೋಗುತ್ತದೆ. ಗುಡ್ಡ ಹತ್ತಬೇಕು ಅಂತ ಕೆಲವರು ಆಯಿಲ್ ಜಾಸ್ತಿ ಹಾಕುತ್ತಾರೆ. ಲೀಟರಿಗೆ 20 ಮಿಲಿ ಸಾಕಾಗುವ ಗಾಡಿಗೆ ಅದರ ದುಪ್ಪಟ್ಟು ಸುರಿದರೆ ಸೈಲೆನ್ಸರ್ ಕಾರ್ಬನ್ನಿನಿಂದ ಕಟ್ಟಿಕೊಳ್ಳುತ್ತದೆ. ಸೈಲೆನ್ಸರ್ ಬಿಚ್ಚಿ ಸುಟ್ಟು, ಪ್ಲಗ್ ಬದಲಿಸಿ, ಕಾರ್ಬ್ಯುರೇಟರ್ ಟ್ಯೂನ್ ಮಾಡಿದರೆ ಸಾಮಾನ್ಯವಾಗಿ ಪಾಸಾಗುತ್ತದೆ.

ಬ್ರಿಟನ್‌ನಲ್ಲಿ 1960ರಲ್ಲೇ ಎಂಒಟಿ ಅಂತ ವಾರ್ಷಿಕ ತಪಾಸಣೆ ಶುರುವಾಯಿತು, ಮೊದಲಿಗೆ ಹತ್ತು ವರ್ಷ ದಾಟಿದ ಗಾಡಿಗಳಿಗೆ. 1967ರಿಂದ ಮೂರು ವರ್ಷ ದಾಟಿದರೆ ಸಾಕು, ಪ್ರತಿ ವರ್ಷ ತಪಾಸಣೆ. ಈಗ ಬ್ರೇಕ್, ಟೈರ್, ತುಕ್ಕು ಎಲ್ಲ ನೋಡುತ್ತಾರೆ. ನಮ್ಮಲ್ಲಿ ಹೊಗೆಗೆ ಇರುವ ಕಾಳಜಿ ಬ್ರೇಕಿಗೆ ಇಲ್ಲ. ಮಳೆ ಮತ್ತು ಘಾಟಿ ಎರಡೂ ಇರುವ ಜಿಲ್ಲೆಗೆ ಐದು ವರ್ಷ ತುಂಬಾ ದೀರ್ಘ ಅಂತ ನನ್ನ ಅನಿಸಿಕೆ.

ಹದಿನೈದು ವರ್ಷ ಆದರೆ ಗಾಡಿ ಕಿತ್ತುಕೊಳ್ಳುತ್ತಾರಂತೆ ಅಂತ ಊರಲ್ಲಿ ಕೇಳುವವರಿದ್ದಾರೆ. ಪೆಟ್ರೋಲ್ ಗಾಡಿಗೆ ಹದಿನೈದು ವರ್ಷದ ಆ ನಿರ್ಬಂಧ ಬಂದಿದ್ದು ದೆಹಲಿ ಸುತ್ತಮುತ್ತ. ಕರ್ನಾಟಕದಲ್ಲಿ ತಪಾಸಣೆಯಲ್ಲಿ ಪಾಸಾದ ಸ್ಕೂಟರ್ ಓಡಿಸಬಹುದು. 2021ರಲ್ಲಿ ಐವತ್ತು ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ನೋಂದಣಿಯೂ ಬಂತು. ಆದರೆ ಅದಕ್ಕೆ 20,000 ರೂಪಾಯಿ, ಮತ್ತು ದಿನಾ ಓಡಿಸುವಂತಿಲ್ಲ. ಸಂತೆಗೆ ಹೋಗುವವರಿಗೆ ಅದರಿಂದ ಉಪಯೋಗವಿಲ್ಲ.

ನಮ್ಮ ಗಾಡಿಗೆ ಹೊಸ ತಗಡು ಬೆಸೆದು, ಕೆಳಗೆ ಅಂಡರ್‌ಕೋಟಿಂಗ್ ಹೊಡೆಸಿದೆವು. ಎರಡನೇ ಸಲ ಪಾಸಾಯಿತು. ಈಗ ಪ್ರತಿ ಮೇ ಕೊನೆಯಲ್ಲಿ ಎರಡೂ ಬ್ರೇಕ್ ಕೇಬಲ್ ಬದಲಿಸುತ್ತೇನೆ, ಡ್ರಮ್ ಬಿಚ್ಚಿಸಿ ಲೈನರ್ ನೋಡಿಸುತ್ತೇನೆ. ರಬ್ಬರ್ ಮ್ಯಾಟ್ ಜೂನ್‌ನಿಂದ ಆಯುಧಪೂಜೆವರೆಗೆ ಅಟ್ಟದ ಮೇಲೆ ಇರುತ್ತದೆ. ಮುಂದಿನ ಎಫ್‌ಸಿ 2029ಕ್ಕೆ.