ಮಳೆಗಾಲದ ಎರಡು ಜ್ವರ ಮತ್ತು ಪೆನಿಸಿಲಿನ್‌ನ ಉಂಗುರ

ಆಟಿಯ ಮಳೆ ಹಿಡಿಯಿತೆಂದರೆ ಉಡುಪಿಯ ನಮ್ಮ ಸೂಕ್ಷ್ಮಜೀವಿ ಪ್ರಯೋಗಾಲಯಕ್ಕೆ ಬರುವ ರಕ್ತದ ಬಾಟಲಿಗಳು ಹೆಚ್ಚುತ್ತವೆ. ಅವುಗಳಲ್ಲಿ ಅನೇಕವು ಗದ್ದೆಯಲ್ಲೋ ತೋಟದಲ್ಲೋ ಕೆಸರು ತುಳಿದವರದು. ಇಲಿಜ್ವರಕ್ಕೆಂದು ಪೆನಿಸಿಲಿನ್ ಶುರುವಾಗಿದ್ದ ರೋಗಿಯ ಮನೆಯವರೊಬ್ಬರು ಒಮ್ಮೆ ನನ್ನಲ್ಲಿ, "ಡಾಕ್ಟ್ರೇ, ಈ ಇಂಗ್ಲಿಷ್ ಮದ್ದು ಉಷ್ಣ ಅಲ್ವಾ? ನೈಸರ್ಗಿಕದ್ದು ಏನಾದ್ರೂ ಕೊಡ್ಲಿಕ್ಕೆ ಆಗುದಿಲ್ವಾ?" ಎಂದು ಕೇಳಿದ್ದರು. ಪೆನಿಸಿಲಿನ್‌ಗಿಂತ ನೈಸರ್ಗಿಕವಾದದ್ದನ್ನು ಎಲ್ಲಿಂದ ತರುವುದು? 1928ರಲ್ಲಿ ಲಂಡನ್ನಿನಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಅವರ ಕಣ್ಣಿಗೆ ಬಿದ್ದದ್ದು ಒಂದು ಬೂಷ್ಟು ಒಸರಿಸಿದ ರಸವೇ ತಾನೇ. ಮದ್ದು ಎಲ್ಲಿಂದ ಬಂತು ಎನ್ನುವುದಕ್ಕಿಂತ, ಅದರ ಅಣು ಬ್ಯಾಕ್ಟೀರಿಯಾದ ಯಾವ ಭಾಗವನ್ನು ಹಿಡಿಯುತ್ತದೆ ಎನ್ನುವುದೇ ನಮಗೆ ಮುಖ್ಯ.

ಬ್ಯಾಕ್ಟೀರಿಯಾದ ಒಳಗಿನ ಒತ್ತಡವನ್ನು ತಡೆದುಕೊಳ್ಳುವುದು ಅದರ ಕೋಶಭಿತ್ತಿ. ಸಕ್ಕರೆಯ ಉದ್ದನೆಯ ಸರಪಳಿಗಳನ್ನು ಅಮೈನೋ ಆಮ್ಲಗಳ ಚಿಕ್ಕ ಕೊಂಡಿಗಳು ಅಡ್ಡಡ್ಡ ಹೆಣೆದು ಮೀನಿನ ಬಲೆಯಂತೆ ಮಾಡಿರುತ್ತವೆ. ಹೊಸ ಕೊಂಡಿಯ ತುದಿಯಲ್ಲಿ ಎರಡು ಅಲನೈನ್ ಅಣುಗಳಿರುತ್ತವೆ. ಹೆಣೆಯುವ ಕಿಣ್ವವು ಕೊನೆಯದನ್ನು ಕಳಚಿ, ಉಳಿದ ತುದಿಯನ್ನು ಪಕ್ಕದ ಸರಪಳಿಗೆ ಗಂಟು ಹಾಕುತ್ತದೆ. ಪೆನಿಸಿಲಿನ್‌ನ ಆಕಾರ ಈ ಎರಡು ಅಲನೈನ್‌ಗಳನ್ನು ಹೋಲುವುದರಿಂದ ಕಿಣ್ವ ಮೋಸಹೋಗಿ ಅದನ್ನೇ ಹಿಡಿಯುತ್ತದೆ. ಪೆನಿಸಿಲಿನ್‌ನ ನಡುವಿನಲ್ಲಿರುವ ಬೀಟಾ-ಲ್ಯಾಕ್ಟಮ್ ಎಂಬ ಉಂಗುರದಲ್ಲಿ ಮೂರು ಇಂಗಾಲ, ಒಂದು ಸಾರಜನಕ, ಹೀಗೆ ನಾಲ್ಕೇ ಪರಮಾಣುಗಳಿದ್ದು, ಅವುಗಳ ಬಂಧಗಳು ಸಹಜ ಕೋನಕ್ಕಿಂತ ಬಹಳ ಇಕ್ಕಟ್ಟಿನಲ್ಲಿ, ಸುಮಾರು 90 ಡಿಗ್ರಿಗೆ, ಬಾಗಿರುತ್ತವೆ. ಬಗ್ಗಿಸಿ ಹಿಡಿದ ಬಿದಿರಿನ ಸಲಾಕೆಯಂತೆ ಬಿಚ್ಚಿಕೊಳ್ಳಲು ಕಾದಿರುವ ಆ ಉಂಗುರವನ್ನು ಕಿಣ್ವದ ಸೆರಿನ್ ಎಂಬ ಅಮೈನೋ ಆಮ್ಲ ಮುಟ್ಟಿದೊಡನೆ ಉಂಗುರ ಒಡೆದು, ಮದ್ದಿನ ಅಣು ಕಿಣ್ವಕ್ಕೆ ಅಂಟಿಕೊಂಡುಬಿಡುತ್ತದೆ. ಹೆಣಿಗೆ ನಿಂತರೂ ಹಳೆಯ ಗಂಟುಗಳನ್ನು ಕತ್ತರಿಸುವ ಬೇರೆ ಕಿಣ್ವಗಳು ಕೆಲಸ ನಿಲ್ಲಿಸುವುದಿಲ್ಲವಾದ್ದರಿಂದ, ಬೆಳೆಯುತ್ತಿರುವ ಬ್ಯಾಕ್ಟೀರಿಯಾ ತನ್ನದೇ ಒತ್ತಡಕ್ಕೆ ಒಡೆಯುತ್ತದೆ. ನಮ್ಮ ಜೀವಕೋಶಗಳಿಗೆ ಇಂಥ ಭಿತ್ತಿಯೇ ಇಲ್ಲ. ಅಲರ್ಜಿಯೊಂದನ್ನು ಬಿಟ್ಟರೆ ಪೆನಿಸಿಲಿನ್ ಇಷ್ಟು ನಿರಪಾಯಕಾರಿಯಾಗಿರುವುದು ಮುಖ್ಯವಾಗಿ ಅದರಿಂದ.

ಹಾಗೆಂದು, ನೈಸರ್ಗಿಕ ಮದ್ದೆಂದರೆ ನೆನಪಾಗುವ ಬೆಳ್ಳುಳ್ಳಿಯನ್ನು ನಾನು ಹಗುರಾಗಿ ಕಾಣುವವನಲ್ಲ. ಎಸಳನ್ನು ಜಜ್ಜಿದಾಗ, ಅದುವರೆಗೆ ಬೇರೆ ಬೇರೆ ಕಡೆಯಿದ್ದ ಅಲಿಯಿನ್ ಮತ್ತು ಅದನ್ನು ಮಾರ್ಪಡಿಸುವ ಕಿಣ್ವ ಒಂದಾಗಿ, ಘಾಟು ವಾಸನೆಯ ಅಲಿಸಿನ್ ಹುಟ್ಟುತ್ತದೆ. (ಇಡೀ ಎಸಳನ್ನೇ ಬಿಸಿ ಎಣ್ಣೆಗೆ ಹಾಕಿದರೆ ಕಿಣ್ವ ಮೊದಲೇ ಕೆಡುತ್ತದೆ, ಒಗ್ಗರಣೆಯಲ್ಲಿ ಉಳಿಯುವುದು ರುಚಿ.) ಅಲಿಸಿನ್ ಅನೇಕ ಕಿಣ್ವಗಳಲ್ಲಿರುವ ಗಂಧಕ-ಜಲಜನಕದ ಗುಂಪಿಗೆ ಅಂಟಿ ಅವುಗಳನ್ನು ಕೆಡಿಸುತ್ತದೆ. ಗಾಜಿನ ತಟ್ಟೆಯಲ್ಲಿ ಅದು ಬ್ಯಾಕ್ಟೀರಿಯಾವನ್ನು ಕೊಲ್ಲುವುದು ನಿಜ. ಆದರೆ ಅಂಥದೇ ಗುಂಪುಗಳು ನಮ್ಮ ರಕ್ತದಲ್ಲಿಯೂ ಧಾರಾಳವಾಗಿರುವುದರಿಂದ, ರೋಗಾಣುವನ್ನು ತಲುಪುವ ಮೊದಲೇ ಅದು ಖರ್ಚಾಗಿ ಹೋಗುತ್ತದೆ.

ಇಲಿಜ್ವರದ ಲೆಪ್ಟೋಸ್ಪೈರಾ ಪೆನಿಸಿಲಿನ್‌ಗೆ ಬಗ್ಗುತ್ತದೆ. ನಮ್ಮ ಕರಾವಳಿಯ ಮಣ್ಣು-ನೀರಿನಲ್ಲಿ ಇನ್ನೊಂದು ಬ್ಯಾಕ್ಟೀರಿಯಾ ಇದೆ, ಬರ್ಖೋಲ್ಡೇರಿಯಾ ಸ್ಯೂಡೋಮಲೈ. ಸಕ್ಕರೆ ಕಾಯಿಲೆಯವರನ್ನು ಹೆಚ್ಚಾಗಿ ಕಾಡುವ ಮೆಲಿಯಾಯ್ಡೋಸಿಸ್ ಇದರದ್ದು. ಆರಂಭದಲ್ಲಿ ಎರಡೂ ಬರೇ ಜ್ವರವಾಗಿ ಕಾಣಿಸಬಹುದು, ಮದ್ದು ಮಾತ್ರ ಒಂದೇ ಅಲ್ಲ. ಎರಡನೆಯದು ಬೀಟಾ-ಲ್ಯಾಕ್ಟಮೇಸ್ ಎಂಬ ಕಿಣ್ವವನ್ನು ತಯಾರಿಸುತ್ತದೆ. ಈ ಕಿಣ್ವದಲ್ಲೂ ಉಂಗುರವನ್ನು ಒಡೆಯುವುದು ಸೆರಿನ್ನೇ! ವ್ಯತ್ಯಾಸ ಮುಂದಿನ ಹಂತದಲ್ಲಿದೆ: ಹೆಣೆಯುವ ಕಿಣ್ವಕ್ಕೆ ಅಂಟಿದ ಮದ್ದು ಸುಲಭಕ್ಕೆ ಬಿಡುವುದಿಲ್ಲ, ಇಲ್ಲಿಯಾದರೋ ನೀರಿನ ಅಣುವೊಂದು ಒಳನುಗ್ಗಿ ಅದನ್ನು ತಕ್ಷಣ ಬಿಡಿಸುತ್ತದೆ, ಕಿಣ್ವ ಮುಂದಿನ ಅಣುವಿಗೆ ಸಿದ್ಧವಾಗುತ್ತದೆ. ಇಂಥ ಕಿಣ್ವವನ್ನು ವಿಜ್ಞಾನಿಗಳಾದ ಅಬ್ರಹಾಂ ಮತ್ತು ಚೈನ್ 1940ರಲ್ಲೇ, ಪೆನಿಸಿಲಿನ್ ಚಿಕಿತ್ಸೆಗೆ ಇನ್ನೂ ಬಳಕೆಯಾಗದಿದ್ದಾಗ, ಬೇರೊಂದು ಬ್ಯಾಕ್ಟೀರಿಯಾದಲ್ಲಿ ಕಂಡಿದ್ದರು. ಮೆಲಿಯಾಯ್ಡೋಸಿಸ್‌ಗೆ ಕೊಡುವ ಸೆಫ್ಟಾಜಿಡೀಮ್‌ನಲ್ಲಿ ಉಂಗುರದ ಪಕ್ಕಕ್ಕೆ ದಪ್ಪನೆಯ ಗುಂಪೊಂದನ್ನು ಜೋಡಿಸಿ, ಈ ಕಿಣ್ವ ಹತ್ತಿರ ಬರದಂತೆ ಅಡ್ಡ ಮಾಡಲಾಗಿದೆ.

ಈ ಬ್ಯಾಕ್ಟೀರಿಯಾ ಯಾವ ಮದ್ದಿಗೆ ಬಗ್ಗುತ್ತದೆ ಎನ್ನುವುದನ್ನು, ಅದನ್ನು ಬೆಳೆಸುವ ಪ್ಲೇಟಿನ ಮೇಲೆಯೇ ನೋಡಬಹುದು. ಮೆಲಿಯಾಯ್ಡೋಸಿಸ್‌ನ ಅನುಮಾನ ಬಂದಾಗ ನಾವು ಅಲ್ಲಿ ಮೂರು ಮದ್ದಿನ ಬಿಲ್ಲೆಗಳನ್ನು ಇಡುತ್ತೇವೆ, ಮೂರಕ್ಕೂ ಮೂಲ ಸೂಕ್ಷ್ಮಜೀವಿಗಳೇ. ಜೆಂಟಾಮೈಸಿನ್‌ನ ಬಿಲ್ಲೆಗೆ ತಾಗಿಕೊಂಡೇ ಬ್ಯಾಕ್ಟೀರಿಯಾ ಬೆಳೆದಿರುತ್ತದೆ, ಏಕೆಂದರೆ ಒಳಹೊಕ್ಕ ಮದ್ದನ್ನು ಅದು ಪಂಪು ಮಾಡಿ ಹೊರಹಾಕುತ್ತದೆ. ಧನ ವಿದ್ಯುದಂಶದ ಕೋಲಿಸ್ಟಿನ್ ಅಂಟಿಕೊಳ್ಳಬೇಕಾದ ಹೊರಪೊರೆಯ ಋಣ ಜಾಗಗಳನ್ನು ಅದು ಮರೆಸಿಕೊಂಡಿರುವುದರಿಂದ ಅಲ್ಲಿಯೂ ಹಾಗೆಯೇ. ಮೂರನೆಯದು ಅಮಾಕ್ಸಿಸಿಲಿನ್ ಜೊತೆಗೆ ಕ್ಲಾವುಲಾನಿಕ್ ಆಮ್ಲ. ಈ ಆಮ್ಲ ಬೀಟಾ-ಲ್ಯಾಕ್ಟಮೇಸ್‌ನೊಳಗೆ ಸಿಕ್ಕಿಕೊಂಡು ಅದನ್ನು ಕಟ್ಟಿಹಾಕುವುದರಿಂದ ಆ ಬಿಲ್ಲೆಯ ಸುತ್ತ ಮಾತ್ರ ಏನೂ ಬೆಳೆಯದ ಸ್ವಚ್ಛ ವೃತ್ತ ಮೂಡಿರುತ್ತದೆ. ಈ ಚಿತ್ರ ಕಂಡ ಬೆಳಿಗ್ಗೆ ಬ್ಯಾಕ್ಟೀರಿಯಾದ ಹೆಸರು ಖಚಿತವಾಗುವವರೆಗೆ ಕಾಯದೆ ವಾರ್ಡಿಗೆ ಫೋನು ಮಾಡುತ್ತೇನೆ.