ಆಸ್ಟ್ರೇಲಿಯಾ ಏಷ್ಯಾಕ್ಕೆ ಸೇರಿದ್ದು ಹೇಗೆ?

ಚಿತ್ರದುರ್ಗದ ಒನಕೆ ಓಬವ್ವ ಕ್ರೀಡಾಂಗಣದಲ್ಲಿ ಫುಟ್‌ಬಾಲ್ ಆಡಿ ಬಂದ ಅಣ್ಣನ ಮಗಳು, ಶೂಗಳನ್ನು ಮೆಟ್ಟಿಲಿಗೆ ಬಡಿದು ಕೆಂಪು ಮಣ್ಣು ಉದುರಿಸುತ್ತಲೇ ಕೇಳಿದಳು: "ಚಿಕ್ಕಪ್ಪ, ಆಸ್ಟ್ರೇಲಿಯಾ ಬೇರೆ ಖಂಡವಲ್ಲವೇ? ಮತ್ತೆ ಏಷ್ಯಾ ಕಪ್‌ನಲ್ಲಿ ಅದೇಕೆ ಆಡುತ್ತದೆ?" 2024ರ ಜನವರಿಯಲ್ಲಿ ಕತಾರ್‌ನಲ್ಲಿ ಭಾರತ ಆಸ್ಟ್ರೇಲಿಯಾಕ್ಕೆ 0–2ರಿಂದ ಸೋತದ್ದನ್ನು ಅವಳು ಇನ್ನೂ ಮರೆತಿಲ್ಲ. ಅವಳು ಕಲಿತ ಭೂಗೋಳ ಸರಿಯಾಗಿಯೇ ಇದೆ. ಫುಟ್‌ಬಾಲಿನ ಭೂಪಟ ಮಾತ್ರ ಬೇರೆ; ಅದರ ಗಡಿಗಳು ಸಭೆಗಳಲ್ಲಿ ನಿರ್ಧಾರವಾಗುತ್ತವೆ.

1954ರ ಮೇ 8ರಂದು, ಮನಿಲಾದಲ್ಲಿ ಎರಡನೇ ಏಷ್ಯನ್ ಕ್ರೀಡಾಕೂಟ ನಡೆಯುತ್ತಿದ್ದಾಗ, 12 ದೇಶಗಳು ಸೇರಿ ಏಷ್ಯಾ ಫುಟ್‌ಬಾಲ್ ಒಕ್ಕೂಟವನ್ನು ಕಟ್ಟಿದವು. ಭಾರತವೂ ಅವುಗಳಲ್ಲಿ ಒಂದು. ಆಗ ನಮ್ಮ ಮಾತಿಗೆ ತೂಕವಿತ್ತು; 1951ರ ದೆಹಲಿ ಕೂಟದ ಚಿನ್ನ ನಮ್ಮದಾಗಿತ್ತು. ಕ್ವಾಲಾಲಂಪುರದಲ್ಲಿ ಕಚೇರಿ ಇರುವ ಈ ಒಕ್ಕೂಟಕ್ಕೆ ಇಂದು 47 ಸದಸ್ಯರಿದ್ದಾರೆ. ವಿಶ್ವಕಪ್ ಸ್ಥಾನಗಳನ್ನು ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ಹಂಚುವುದು ಇಂಥ ಖಂಡವಾರು ಒಕ್ಕೂಟಗಳ ಲೆಕ್ಕದಲ್ಲಿ. ಹಾಗಾಗಿ ಯಾವ ಒಕ್ಕೂಟದಲ್ಲಿ ಇದ್ದೇವೆ ಎಂಬುದರ ಮೇಲೆಯೇ ಎದುರಾಳಿ ಯಾರು, ವಿಶ್ವಕಪ್ ಎಷ್ಟು ದೂರ ಎಂಬುದೆಲ್ಲ ನಿಂತಿದೆ.

ಗಡಿ ಮೊದಲು ಅಲುಗಿದ್ದು ಪಶ್ಚಿಮದಲ್ಲಿ. 1958ರ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ರಾಜಕೀಯ ಕಾರಣಕ್ಕೆ ಎದುರಾಳಿಗಳು ಒಬ್ಬೊಬ್ಬರಾಗಿ ಹಿಂದೆ ಸರಿದು, ಇಸ್ರೇಲ್ ಒಂದೂ ಪಂದ್ಯವಾಡದೆ ಮುಂದೆ ಬಂತು. ಆಡದೆ ವಿಶ್ವಕಪ್‌ಗೆ ಹೋಗುವುದು ಸಲ್ಲದೆಂದು ಫಿಫಾ ಅದನ್ನು ವೇಲ್ಸ್ ಎದುರು ಆಡಿಸಿತು, ಅಲ್ಲಿ ಸೋತಿತು. 1964ರ ಏಷ್ಯಾ ಕಪ್ ಇಸ್ರೇಲ್‌ನಲ್ಲೇ ನಡೆದಾಗ ಕಣದಲ್ಲಿದ್ದದ್ದು ನಾಲ್ಕೇ ತಂಡ. ಭಾರತ ದಕ್ಷಿಣ ಕೊರಿಯಾವನ್ನು 2–0, ಹಾಂಗ್‌ಕಾಂಗ್ ತಂಡವನ್ನು 3–1ರಿಂದ ಮಣಿಸಿ, ಆತಿಥೇಯರಿಗೆ ಸೋತು ಎರಡನೇ ಸ್ಥಾನ ಪಡೆಯಿತು. ಆ ಕಪ್‌ನಲ್ಲಿ ಇಂದಿಗೂ ನಮ್ಮ ದೊಡ್ಡ ಸಾಧನೆ ಅದೇ. ಹಲವರು ಬಾರದ ಟೂರ್ನಿ ಎಂದು ಅದನ್ನು ಹಗುರಾಗಿ ಕಾಣುವುದು ನನಗೆ ಸರಿಕಾಣುವುದಿಲ್ಲ. ಕೊರಿಯಾ ಎದುರಿನ ಆ ಎರಡು ಗೋಲುಗಳನ್ನು ಯಾರೂ ದಾನ ಕೊಟ್ಟದ್ದಲ್ಲ.

1974ರಲ್ಲಿ ಕುವೈತ್ ಮಂಡಿಸಿದ ನಿರ್ಣಯಕ್ಕೆ ಬಹುಮತ ಸಿಕ್ಕಿ ಇಸ್ರೇಲ್ ಏಷ್ಯಾ ಒಕ್ಕೂಟದಿಂದ ಹೊರಬಿತ್ತು. 1990ರ ವಿಶ್ವಕಪ್‌ಗಾಗಿ ಓಷಿಯಾನಿಯಾದವರ, ಅಂದರೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ಪೆಸಿಫಿಕ್ ದ್ವೀಪಗಳ ಒಕ್ಕೂಟದವರ, ಜತೆ ಆಡಿತು. ಯುರೋಪಿನ ಪೂರ್ಣ ಸದಸ್ಯತ್ವ ಸಿಗುವಾಗ 1994 ಆಗಿತ್ತು. ಸ್ಥಾಪಕ ಸದಸ್ಯ ತೈವಾನ್ ಕೂಡ, ಚೀನಾ ಒಳಬಂದ ಮೇಲೆ, ಕೆಲವು ವರ್ಷ ಓಷಿಯಾನಿಯಾದಲ್ಲಿ ಕಳೆಯಿತು. ಕಜಕಸ್ತಾನ 2002ರಲ್ಲಿ ಯುರೋಪಿಗೆ ಹೋಯಿತು.

ಆಸ್ಟ್ರೇಲಿಯಾದ ಸಂಕಟ ಇನ್ನೊಂದು ಬಗೆಯದು. ಆಗ ಓಷಿಯಾನಿಯಾಕ್ಕೆ ವಿಶ್ವಕಪ್‌ನಲ್ಲಿ ನೇರ ಸ್ಥಾನ ಇರಲಿಲ್ಲ. ಅಲ್ಲಿ ಗೆದ್ದವರು ಬೇರೆ ಖಂಡದ ತಂಡದೊಂದಿಗೆ ಪ್ಲೇ ಆಫ್ ಆಡಬೇಕಿತ್ತು. 2001ರ ಏಪ್ರಿಲ್ 11ರಂದು, ಅಲ್ಲಿನ ಅರ್ಹತಾ ಪಂದ್ಯದಲ್ಲಿ, ಆಸ್ಟ್ರೇಲಿಯಾ ಪುಟ್ಟ ದ್ವೀಪ ತಂಡ ಅಮೆರಿಕನ್ ಸಮೋವಾವನ್ನು 31–0ರಿಂದ ಸೋಲಿಸಿತು. ಆರ್ಚಿ ಥಾಂಪ್ಸನ್ ಒಬ್ಬರೇ 13 ಗೋಲು ಹೊಡೆದರು. ಗೋಲ್‌ಕೀಪರ್ ನಿಕಿ ಸಲಾಪು 31 ಸಲ ಬೆನ್ನ ಹಿಂದಿನ ಬಲೆಯತ್ತ ತಿರುಗಬೇಕಾದ ಆ ಸಂಜೆಯನ್ನು ನೆನೆದರೆ ಕರುಳು ಚುರ್ ಎನ್ನುತ್ತದೆ. ಗೆದ್ದವರಿಗೂ ಅದರಿಂದ ದಕ್ಕಿದ್ದೇನು? ಅದೇ ನವೆಂಬರ್‌ನಲ್ಲಿ ಉರುಗ್ವೆ ಎದುರು ಎಡವಿ ಅವರ ವಿಶ್ವಕಪ್ ಕನಸು ಮುರಿಯಿತು. 2006ರ ಜನವರಿ 1ರಂದು ಆಸ್ಟ್ರೇಲಿಯಾ ಏಷ್ಯಾ ಒಕ್ಕೂಟಕ್ಕೆ ಸೇರಿತು. 2015ರ ಫೈನಲ್‌ನಲ್ಲಿ ದಕ್ಷಿಣ ಕೊರಿಯಾವನ್ನು ಸೋಲಿಸಿ ಏಷ್ಯಾ ಕಪ್ ಗೆದ್ದಿತು. ಇದರಿಂದ ಭಾರತದಂಥ ತಂಡಗಳ ದಾರಿ ಇನ್ನಷ್ಟು ಕಡಿದಾಯಿತು, ನಿಜ. ಆದರೂ ಆ ಬರವನ್ನು ನಾನು ಸ್ವಾಗತಿಸುತ್ತೇನೆ. 31–0ರಂಥ ಪಂದ್ಯಗಳಿಗಿಂತ ಕತಾರ್‌ನ ಸೋಲಿನಿಂದ ಕಲಿಯುವುದು ಹೆಚ್ಚಿದೆ.

ಎಲ್ಲ ಕೇಳಿದ ಹುಡುಗಿ, "ಹೆಂಗಸರ ಕಪ್‌ನಲ್ಲೂ ಹೀಗೆಯೇ?" ಎಂದಳು. ಹೌದು. 2025ರ ಜುಲೈನಲ್ಲಿ ಥಾಯ್ಲೆಂಡನ್ನು ಅದರ ನೆಲದಲ್ಲೇ 2–1ರಿಂದ ಸೋಲಿಸಿ ಭಾರತದ ವನಿತೆಯರು 2026ರ ಏಷ್ಯಾ ಕಪ್‌ಗೆ ಟಿಕೆಟ್ ಪಡೆದರು; ಅರ್ಹತಾ ಸುತ್ತನ್ನು ಗೆದ್ದು ಅಲ್ಲಿಗೆ ತಲುಪಿದ್ದು ಅದೇ ಮೊದಲು. ಆತಿಥೇಯ ದೇಶ ಆಸ್ಟ್ರೇಲಿಯಾ. ಭಾರತದ ಮೊದಲ ಪಂದ್ಯಕ್ಕೆ ಗೊತ್ತುಮಾಡಿದ ಊರು ಪರ್ತ್. ಅವಳು ಶಾಲೆಯ ಅಟ್ಲಾಸ್ ತಂದು ಏಷ್ಯಾದ ಪುಟದಲ್ಲಿ ಹುಡುಕಿದಳು, ಸಿಗಲಿಲ್ಲ. ಪುಟ ತಿರುವಿ, ಸಿಕ್ಕ ಮೇಲೆ ಪೆನ್ಸಿಲ್ಲಿನಿಂದ ಅದಕ್ಕೊಂದು ಸುತ್ತು ಹಾಕಿದಳು.